ಯಾರು ಹೇಳಿದ್ದು?

'ದಿ ಸಿಂಪ್ಸನ್ಸ್' ನೋಡಿದವರಿಗೆ ಸೈಡ್‌ಶೋ ಬಾಬ್ ಗೊತ್ತಿರ್ತಾನೆ. 1993ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಪ್ರಸಾರವಾದ 'ಕೇಪ್ ಫಿಯರ್' ಕಂತಿನಲ್ಲಿ ಅವನು ನೆಲದ ಮೇಲೆ ಬಿದ್ದಿರೋ ರೇಕ್ ಒಂದನ್ನು ತುಳೀತಾನೆ. ರೇಕ್ ಅಂದ್ರೆ ತರಗೆಲೆ ಗುಡ್ಡೆ ಹಾಕೋಕೆ ಬಳಸುವ, ತುದಿಯಲ್ಲಿ ಹಲ್ಲುಗಳಿರೋ ಕೋಲು. ಹಲ್ಲಿನ ಮೇಲೆ ಕಾಲಿಟ್ಟರೆ ಕೋಲು ಎದ್ದು ಮುಖಕ್ಕೆ ಬಡಿಯುತ್ತೆ. ತಿರುಗಿದರೆ ಇನ್ನೊಂದು ರೇಕ್, ಆಮೇಲೆ ಮತ್ತೊಂದು. ಒಟ್ಟು ಒಂಬತ್ತು ಸಲ! ಕಂತಿನ ಅವಧಿ ತುಂಬಿಸೋಕೆ ದೃಶ್ಯವನ್ನು ಹೀಗೆ ಎಳೆದೆವು ಅಂತ ಮಾಡಿದವರೇ ಹೇಳಿಕೊಂಡಿದ್ದಾರೆ. ಮೊದಲ ಸಲ ನಗು ಬರುತ್ತೆ, ನಾಲ್ಕನೇ ಸಲಕ್ಕೆ 'ಸಾಕು ಮಾರಾಯ' ಅನ್ಸುತ್ತೆ, ಏಳನೇ ಸಲಕ್ಕೆ ಮತ್ತೆ ನಗು ತಡೆಯೋಕಾಗಲ್ಲ.

ಆ ಕೊನೆಯ ವಾಕ್ಯವನ್ನು ನಾನು ಇಲ್ಲಿ ಬರೀಬಹುದು. ಅದೇ ಕಂತಿನ ಬಗ್ಗೆ ವಿಕಿಪೀಡಿಯದಲ್ಲಿರೋ ಲೇಖನದಲ್ಲಿ ಬರೆಯೋ ಹಾಗಿಲ್ಲ. ಒಂಬತ್ತು ಸಲ ತುಳಿದ ಅನ್ನಬಹುದು, ಯಾಕಂದ್ರೆ ಯಾರು ಬೇಕಾದ್ರೂ ಕಂತು ನೋಡಿ ಎಣಿಸಬಹುದು. ನಗು ಬರುತ್ತೆ ಅನ್ನೋಕೆ ಮಾತ್ರ ಅದನ್ನು ಯಾರು ಹೇಳಿದ್ರು, ಎಲ್ಲಿ ಅಚ್ಚಾಗಿದೆ ಅಂತ ತೋರಿಸಬೇಕು. 'ನಾನೇ ನೋಡಿದೀನಿ, ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದೀನಿ' ಅಂದ್ರೆ ನಡೆಯಲ್ಲ. ಸ್ವಂತ ಸಂಶೋಧನೆಗೆ ಅಲ್ಲಿ ಜಾಗ ಇಲ್ಲ.

ಬಿಡುವಿದ್ದಾಗ ಇಂಥ ಲೇಖನಗಳನ್ನು ತಿದ್ದುವವರಲ್ಲಿ ನಾನೂ ಒಬ್ಬ. ಹಾಗಾಗಿ ಒಂದು ಪ್ರಶ್ನೆ ನನ್ನನ್ನು ಬಿಡೋದಿಲ್ಲ. ನನ್ನ ಕಣ್ಣೆದುರಿಗೇ ಇರೋದು ಜ್ಞಾನ ಅಲ್ವಾ? ಬೇರೆ ಯಾರೋ ಹೇಳಿದ ಮೇಲಷ್ಟೇ ಅದು ಜ್ಞಾನ ಆಗುತ್ತಾ?

ಇನ್ನೊಂದು ಕಂತನ್ನು ತಗೊಳ್ಳಿ. 1997ರ ಮೇ ತಿಂಗಳಲ್ಲಿ ಬಂದ 'ಹೋಮರ್ಸ್ ಎನಿಮಿ'. ಚಿಕ್ಕಂದಿನಿಂದ ಕಷ್ಟಪಟ್ಟು ಮೇಲೆ ಬಂದ ಫ್ರಾಂಕ್ ಗ್ರೈಮ್ಸ್ ಹೋಮರ್‌ನ ಕಚೇರಿಗೆ ಕೆಲಸಕ್ಕೆ ಸೇರ್ತಾನೆ. ಸೋಮಾರಿ ಹೋಮರ್‌ಗೆ ದೊಡ್ಡ ಮನೆ, ಹೆಂಡತಿ, ಮಕ್ಕಳು ಎಲ್ಲಾ ಇದೆ, ದುಡಿದ ತನಗೆ ಏನೂ ಇಲ್ಲ. ಇದನ್ನು ಸಹಿಸಲಾರದೆ ಬುದ್ಧಿ ಕೆಟ್ಟು ಸಾಯ್ತಾನೆ. ಅವನ ಅಂತ್ಯಸಂಸ್ಕಾರದಲ್ಲೂ ಹೋಮರ್ ನಿದ್ದೆ ಹೊಡೀತಿರ್ತಾನೆ, ಜನ ನಗ್ತಾರೆ. ಅಪ್ರೈಸಲ್ ಅನ್ನೋದನ್ನು ಒಮ್ಮೆ ಎದುರಿಸಿದವರಿಗೂ ಈ ಕಥೆ ಎಲ್ಲಿ ಚುಚ್ಚುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ಊಹಿಸಿಕೊಳ್ಳಿ. ಈ ಕಂತು ಕ್ರೂರ ಅನ್ನೋ ಒಬ್ಬರು, ಇದಕ್ಕಿಂತ ಒಳ್ಳೆಯ ಕಂತೇ ಇಲ್ಲ ಅನ್ನೋ ಇನ್ನೊಬ್ಬರು, ಒಂದೇ ಲೇಖನ ಬರೀಬೇಕು. ಮುಖಪರಿಚಯ ಇಲ್ಲ, ಸಂಬಳ ಇಲ್ಲ. ಆಫೀಸಲ್ಲಾದ್ರೆ ಕೊನೆಗೆ ಮ್ಯಾನೇಜರ್ ಒಬ್ಬರು 'ಹೀಗಿರಲಿ' ಅಂತಾರೆ. ಇಲ್ಲಿ ಹಾಗೆ ಹೇಳೋರಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸ್ತಾ ಕೂತರೆ, ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯಲ್ಲಿ ಮೂರಕ್ಕಿಂತ ಹೆಚ್ಚು ಸಲ ಹಾಗೆ ಮಾಡಿದವರ ಖಾತೆಗೇ ಬೀಗ ಬೀಳಬಹುದು. ಹಾಗಾಗಿ ಇಬ್ಬರೂ ಒಪ್ಪುವ ವಾಕ್ಯಕ್ಕೇ ಬರಬೇಕು: ಮೊದಲು ಬಂದಾಗ ಹಲವರಿಗೆ ಹಿಡಿಸಲಿಲ್ಲ, ಆಮೇಲೆ ವಿಮರ್ಶಕರು ಮೆಚ್ಚಿದರು, ಹೀಗಂದವರು ಇಂಥಿಂಥವರು. ಇಬ್ಬರಲ್ಲಿ ಯಾರೂ ಗೆಲ್ಲಲಿಲ್ಲ, ಯಾರೂ ಸುಳ್ಳನ್ನೂ ಹೇಳಲಿಲ್ಲ.

ಇದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಲ್ವಾ ಅಂತ ಕೇಳಬಹುದು. ನನಗೆ ಹಾಗನ್ಸಲ್ಲ. ಜವಾಬ್ದಾರಿ ತಪ್ಪಿಸಿಕೊಳ್ಳೋಕೆ ದೀಪವನ್ನು ಗೋಡೆ ಮೇಲಿಡೋದು ಬೇರೆ, ಎರಡೂ ಕೋಣೆಯವರಿಗೆ ಬೆಳಕು ಬೇಕು ಅಂತ ಇಡೋದು ಬೇರೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅಂತ ನಮ್ಮಲ್ಲೇ ಗಾದೆ ಇದೆ. ಆಧಾರ ಕೊಡೋದು ಅಂದ್ರೆ ಓದುಗನಿಗೆ 'ನೀನು ನನ್ನನ್ನು ನಂಬಬೇಕಿಲ್ಲ, ಹೋಗಿ ನೋಡಿಕೋ' ಅನ್ನೋದು. ಅಪರಿಚಿತರ ನಡುವೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಯಾವುದಿದೆ?

ಆದರೂ ಈ ನಿಯಮದಲ್ಲಿ ಒಂದು ಮುಳ್ಳಿದೆ. ಸಿಂಪ್ಸನ್ಸ್‌ನ ಎಷ್ಟೋ ಕಂತುಗಳ ಬಗ್ಗೆ ಪತ್ರಿಕೆಗಳಲ್ಲಿ ವಿಮರ್ಶೆ ಬಂದಿದೆ, ಡಿವಿಡಿಯಲ್ಲಿ ಬರಹಗಾರರೇ ಕೂತು ಮಾತಾಡಿದ್ದಾರೆ, ಪುಸ್ತಕಗಳಿವೆ. ಹಾಗಾಗಿ ಇಪ್ಪತ್ತೆರಡು ನಿಮಿಷದ ಕಾರ್ಟೂನಿಗೆ ಉದ್ದದ, ಅಚ್ಚುಕಟ್ಟಾದ ಲೇಖನ ಆಗುತ್ತೆ. ನಲವತ್ತು ವರ್ಷ ಯಕ್ಷಗಾನದಲ್ಲಿ ಹಾಡಿದ ಒಬ್ಬ ಭಾಗವತರ ಬಗ್ಗೆ ಅಚ್ಚಿನಲ್ಲಿ ಎರಡು ಸಾಲೂ ಇಲ್ಲದಿದ್ದರೆ ಅವರಿಗೆ ಲೇಖನ ಆಗಲ್ಲ. ರಾತ್ರಿಯಿಡೀ ಕೂತು ಕೇಳಿದ ಸಾವಿರ ಜನರ ನೆನಪು ಆಧಾರ ಅಲ್ಲ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಅಲ್ಲಿ ಬರೆಯೋರಿಗೆಲ್ಲ ಈ ಮುಳ್ಳು ಚುಚ್ಚಿರುತ್ತೆ. ಬಾಯಿಮಾತಿನ ಜ್ಞಾನವನ್ನು ಧ್ವನಿಮುದ್ರಿಸಿ ಆಧಾರವಾಗಿ ಬಳಸಬಹುದಾ ಅಂತ 2011ರಲ್ಲಿ ಭಾರತದಲ್ಲೂ ದಕ್ಷಿಣ ಆಫ್ರಿಕದಲ್ಲೂ ಒಂದು ಪ್ರಯೋಗ ನಡೆದದ್ದು ಇದೇ ಕಾರಣಕ್ಕೆ. ಎಲ್ಲರಿಗೂ ಒಂದೇ ನಿಯಮ ಅನ್ನೋದು ಸಮಾನರ ನಡುವೆ ನ್ಯಾಯ. ಒಬ್ಬರ ಬಗ್ಗೆ ಕಪಾಟು ತುಂಬ ಬರೆದಿದ್ದು ಇನ್ನೊಬ್ಬರ ಬಗ್ಗೆ ಯಾರೂ ಬರೆಯದೇ ಇದ್ದಾಗ, ಅದೇ ನಿಯಮ ಇದ್ದವರಿಗೇ ಇನ್ನಷ್ಟು ಕೊಡುತ್ತೆ.

ಹಾಗಂತ ನಿಯಮ ಮುರಿದು ನಮ್ಮ ಪ್ರೀತಿಯ ಭಾಗವತರನ್ನು 'ಅಪ್ರತಿಮ' ಅಂತ ಬರೆದು ಬರೋಣ ಅಂತ ನಾನು ಹೇಳಲ್ಲ. ನಾವು ಹಾಗೆ ಬರೆದರೆ ರಾಜಕಾರಣಿಯ ಹಿಂಬಾಲಕನೂ ಬರೀತಾನೆ, ತಡೆಯೋಕೆ ನಮ್ಮ ಹತ್ರ ಮಾತೇ ಉಳಿಯಲ್ಲ. ಕೊರತೆ ಇರೋದು ವಿಶ್ವಕೋಶಕ್ಕಿಂತ ಹಿಂದೆ. ಯಾರೋ ಒಬ್ಬರು ಮೊದಲು ಹೋಗಿ ಕೇಳಿ, ತಮ್ಮ ಹೆಸರು ಹಾಕಿ ಬರೀಬೇಕಿತ್ತು, ಬರೆದಿಲ್ಲ.

ಅಂದ್ರೆ ಪ್ರಾಮಾಣಿಕತೆ ಎರಡು ಥರ ಇದೆ ಅನ್ಸುತ್ತೆ. ಎಲ್ಲರದ್ದೂ ಆದ ಪುಟದಲ್ಲಿ 'ನಾನು' ಅನ್ನೋದನ್ನು ಬಿಟ್ಟುಕೊಡೋದು ಒಂದು. ಬೇರೆ ಕಡೆ 'ನಾನು ನೋಡಿದೆ, ನಾನು ಹೇಳ್ತಿದೀನಿ' ಅಂತ ಹೆಸರು ಹಾಕಿ ಹೊಣೆ ಹೊರೋದು ಇನ್ನೊಂದು. ಎರಡನೆಯದನ್ನು ಯಾರೂ ಮಾಡದಿದ್ದರೆ ಮೊದಲನೆಯದಕ್ಕೆ ಆಧಾರವೇ ಸಿಗಲ್ಲ. ಸಿಂಪ್ಸನ್ಸ್‌ಗೆ ಆ ಎರಡನೇ ಕೆಲಸ ಮಾಡೋಕೆ ಬೇಕಾದಷ್ಟು ಜನ ಇದ್ದಾರೆ. ನಿಮ್ಮೂರಿನ ಭಾಗವತರಿಗೆ ನೀವಿದ್ದೀರಿ. ಮುಂದಿನ ಸಲ ಊರಿಗೆ ಹೋದಾಗ ಅರ್ಧ ದಿನ ಅವರ ಹತ್ತಿರ ಕೂತು ಕೇಳಿ, ಬರೆದು, ನಿಮ್ಮ ಹೆಸರು, ಅವರ ಊರು, ತಾರೀಕು ಎಲ್ಲಾ ಹಾಕಿ ಯಾವುದಾದರೂ ಪತ್ರಿಕೆಗೆ ಕಳಿಸಿ. ಯಾರು ಹೇಳಿದ್ದು ಅಂತ ನಾಳೆ ಯಾರಾದ್ರೂ ಕೇಳಿದಾಗ ತೋರಿಸೋಕೆ ಏನಾದ್ರೂ ಇರಲಿ.