ಅರಳುಮರಳು, ರಕ್ತದೊತ್ತಡ ಮತ್ತು ಅಹಿಂಸಾಣುವ್ರತ

ಕಲಬುರಗಿಯ ಗಾಜಿಪುರದಲ್ಲಿ ಒಂದು ಶ್ರಾವಕ ಕುಟುಂಬವಿದೆಯೆಂದು ಇಟ್ಟುಕೊಳ್ಳಬಹುದು. ಮನೆಯ ಅವ್ವನಿಗೆ ಎಂಬತ್ತು ದಾಟಿದೆ. ಹೊತ್ತು, ಹೆಸರು, ಮಕ್ಕಳ ಮುಖ ಒಂದೊಂದಾಗಿ ಮಸುಕಾಗುತ್ತಿವೆ. ಮಗ ದಿನಕ್ಕೆ ಮೂರು ಸಲ ಬಿ.ಪಿ. ಯಂತ್ರದ ಪಟ್ಟಿಯನ್ನು ಆಕೆಯ ತೋಳಿಗೆ ಸುತ್ತುತ್ತಾನೆ. ಪಟ್ಟಿ ಬಿಗಿದೊಡನೆ ಆಕೆ ಚೀರಿ ಕೈ ಕಿತ್ತುಕೊಳ್ಳುತ್ತಾಳೆ. ಸೊಸೆ ಆ ಕೈಯನ್ನು ಒತ್ತಿ ಹಿಡಿಯುತ್ತಾಳೆ. ಯಾರಲ್ಲಿಯೂ ದುರುದ್ದೇಶವಿಲ್ಲ. ಆದರೂ ಅಲ್ಲಿ ನಡೆಯುತ್ತಿರುವುದು ವೈಯಾವೃತ್ಯವೋ ಹಿಂಸೆಯೋ ಎಂಬ ಪ್ರಶ್ನೆ ತಳ್ಳಿಹಾಕುವಂಥದಲ್ಲ. ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಮರೆಗುಳಿ ರೋಗವಿದೆಯೆಂಬ ಅಂದಾಜು 2023ರಲ್ಲಿ ಪ್ರಕಟವಾಯಿತು. ಇದು ಒಂದು ಮನೆಯ ಮಾತಲ್ಲ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವನ್ನು ದನಕರು, ಆಳುಮಕ್ಕಳ ವಿಷಯದಲ್ಲಿ ವಿವರಿಸುವುದು ರೂಢಿ. ತನ್ನ ನೋವನ್ನು ಮಾತಿನಲ್ಲಿ ಹೇಳಲಾರದ ಜೀವ ಮನೆಯೊಳಗೇ ಇರುವಾಗ ಅವು ಅಲ್ಲಿಗೂ ಸಲ್ಲುತ್ತವೆ. ಒತ್ತಿ ಹಿಡಿದ ಕೈ ಬಂಧ. ಮರುವಿಚಾರವಿಲ್ಲದೆ ಒಂದರ ಮೇಲೊಂದು ಏರಿಸಿದ ಗುಳಿಗೆ ಅತಿಭಾರ. ಜೋಳದ ರೊಟ್ಟಿಯ ಬದಿಯ ಶೇಂಗಾ ಹಿಂಡಿಯನ್ನೂ ಉಪ್ಪಿನ ನೆಪದಲ್ಲಿ ಕಸಿದು, ಆಕೆ ಊಟವನ್ನೇ ಬಿಡುವಂತಾದರೆ ಅದು ಅನ್ನನಿರೋಧವಲ್ಲದೆ ಮತ್ತೇನು?

ಹಾಗೆಂದು ಅಳೆಯುವುದನ್ನೇ ಬಿಡಬೇಕೆಂದಲ್ಲ. ಪ್ರಮಾದವು ಹಿಂಸೆಯ ಮೂಲವಾದರೆ ಅಲಕ್ಷ್ಯವೂ ಪ್ರಮಾದವೇ. ಏರಿದ ಒತ್ತಡ ಮಿದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ, ಪಾರ್ಶ್ವವಾಯು ತರುತ್ತದೆ. 2019ರಲ್ಲಿ ಪ್ರಕಟವಾದ ಅಮೆರಿಕದ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ, ಮೇಲಿನ ಒತ್ತಡಕ್ಕೆ 140ರ ಬದಲು 120ರ ಒಳಗಿನ ಗುರಿ ಇಟ್ಟವರಲ್ಲಿ ಅರಿವಿನ ಸೌಮ್ಯ ಕೊರತೆ ಕಡಿಮೆ ಕಂಡಿತು. ಆದರೆ ಆಗಲೇ ಮರೆಗುಳಿ ರೋಗ ಹಿಡಿದವರನ್ನು ಅದರಲ್ಲಿ ಸೇರಿಸಿರಲಿಲ್ಲ. ಅರಿವು ಕುಂದಿದ 172 ವೃದ್ಧರನ್ನು ಕುರಿತು ಇಟಲಿಯ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ದಿಕ್ಕಿಗೆ ಬೆರಳು ತೋರಿತು: ಗುಳಿಗೆ ಸೇವಿಸುತ್ತ ಹಗಲಿನ ಒತ್ತಡ 128ನ್ನು ಮೀರದಿದ್ದವರಲ್ಲಿಯೇ ಅರಿವು ಬೇಗ ಕುಸಿದಿತ್ತು. ಒತ್ತಡವೇ ಕಾರಣವೆಂದು ಅಷ್ಟರಿಂದ ಸಿದ್ಧವಾಗದು. ಅಂಕಿ ಇಳಿದಷ್ಟೂ ಒಳಿತೆಂಬ ನಂಬಿಕೆ ಮಾತ್ರ ಉಳಿಯದು.

ಚೀರಾಟದ ನಡುವೆ ದೊರೆತ ಅಂಕಿ ಸತ್ಯವೂ ಅಲ್ಲ. ಭಯ, ಮಾತು, ಚಲನೆ ಎಲ್ಲವೂ ಒತ್ತಡವನ್ನು ಏರಿಸುತ್ತವೆ. ಆ ಅಂಕಿಯನ್ನು ನೆಚ್ಚಿ ಗುಳಿಗೆ ಹೆಚ್ಚಿಸಿದರೆ, 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ, ನೀರು ಕುಡಿಯಲು ಮರೆತ ಮುದುಕಿ ಎದ್ದು ನಿಂತಲ್ಲೇ ಕುಸಿಯಬಹುದು. ನಿಂತ ಮೂರು ನಿಮಿಷದೊಳಗೆ ಮೇಲಿನ ಒತ್ತಡ 20ರಷ್ಟು ಇಳಿಯುತ್ತದೆಯೇ ಎಂದು ನೋಡುವವರು ಎಷ್ಟು ಜನ?

ವ್ರತದ ಪ್ರಶ್ನೆ ಇನ್ನೂ ಸೂಕ್ಷ್ಮ. ಜೀವಮಾನವೆಲ್ಲ ರಾತ್ರಿಭೋಜನತ್ಯಾಗ ಪಾಲಿಸಿದಾಕೆಗೆ ಈಗ ಅದರ ನೆನಪಿಲ್ಲ. ರಾತ್ರಿಯ ಗುಳಿಗೆ ಕೊಟ್ಟರೆ ದೋಷವೇ? ಮರೆತವಳಿಗೆ ದೋಷವಿಲ್ಲ, ಬಲ್ಲವರಿಗಿದೆ, ಅದೂ ಅನಿವಾರ್ಯವಲ್ಲದಿದ್ದಾಗ. ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನರನ್ನೊಳಗೊಂಡು 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಟೈಮ್ ಅಧ್ಯಯನವು ಒತ್ತಡದ ಗುಳಿಗೆಯನ್ನು ಬೆಳಿಗ್ಗೆ ತೆಗೆದುಕೊಂಡರೂ ಸಂಜೆ ತೆಗೆದುಕೊಂಡರೂ ಹೃದಯದ ರಕ್ಷಣೆಯಲ್ಲಿ ಭೇದವಿಲ್ಲವೆಂದು ತೋರಿತು. ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಕೇಳುವುದಷ್ಟೇ ಉಳಿದ ಕೆಲಸ. ದಶಲಕ್ಷಣ ಪರ್ವದ ಉಪವಾಸದ ಮಾತು ಹಾಗಲ್ಲ. ಹಿಂದೆ ಮಾಡುತ್ತಿದ್ದಳೆಂದು ಈಗಲೂ ಆಕೆಯನ್ನು ಉಪವಾಸವಿರಿಸುವ ಮನೆಗಳುಂಟು. ಸಂಕಲ್ಪವಿಲ್ಲದ ಉಪವಾಸ ತಪಸ್ಸಲ್ಲ, ಬರಿಯ ಹಸಿವು. ಗುಳಿಗೆ ನುಂಗಿದ ಹೊಟ್ಟೆಗೆ ಅಪಾಯವೂ ಹೌದು.

ಮೂರು ಹೊತ್ತಿನ ಅಳತೆ ಯಾರಿಗಾಗಿ? ಬಹುಮಟ್ಟಿಗೆ ಮಗನ ಭಯಕ್ಕಾಗಿ. ಎಷ್ಟು ದಿನಕ್ಕೊಮ್ಮೆ ಸಾಕೆಂಬುದನ್ನು ವೈದ್ಯರಿಂದ ಗೊತ್ತುಮಾಡಿಕೊಂಡು, ಆ ದಿನ ಅವ್ವನನ್ನು ಐದು ನಿಮಿಷ ಒರಗಿ ಕೂರಿಸಿದರೆ ಸಾಕು. ಹೆಸರು ಮರೆತವರಿಗೂ ಎಷ್ಟೋ ವೇಳೆ ಣಮೋಕಾರ ಮಂತ್ರ ನಾಲಗೆಯ ಮೇಲಿರುತ್ತದೆ. ಆ ಐದು ನಿಮಿಷ ಸೊಸೆ ಜೊತೆಗೆ ಕೂತು ಅದನ್ನು ಹೇಳಬಹುದು. ಪಟ್ಟಿ ಬಿಗಿಯುವಾಗ ಮಾತ್ರ ಎಲ್ಲರೂ ಸುಮ್ಮನಿರಬೇಕು. ಆಗಲೂ ಆಕೆ ಕೈ ಎಳೆದುಕೊಂಡರೆ ಅಂದಿಗೆ ಯಂತ್ರವನ್ನು ಪೆಟ್ಟಿಗೆಯಲ್ಲಿಡುವುದೇ ಸರಿ.