ಯಾವ ಹಬ್ಬ ಕಳೆದ ಮೇಲೆ?

ಸಂಕ್ರಾಂತಿ ಕಳೀಲಿ, ಚಳಿ ಕಡಿಮೆ ಆಗುತ್ತೆ. ಮಕ್ಕಳ ಪರೀಕ್ಷೆ ಮುಗೀಲಿ. ಯುಗಾದಿಯಿಂದ ಖಂಡಿತ. ಅಷ್ಟರಲ್ಲಿ ಬೇಸಿಗೆ ರಜೆ, ಊರಿಗೆ ಹೋಗಿ ಬರಬೇಕು. ಆಮೇಲೆ ಮಳೆ. ಆಷಾಢದಲ್ಲಿ ಹೊಸದೇನೂ ಬೇಡ, ಶ್ರಾವಣದಲ್ಲಿ ವಾರಕ್ಕೊಂದು ಪೂಜೆ, ಗಣೇಶನ ಕಡುಬು, ದಸರೆ, ದೀಪಾವಳಿ, ಬಸವನಗುಡಿಯ ಕಡಲೆಕಾಯಿ ಪರಿಷೆ. ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರದ ಎಷ್ಟೋ ಮನೆಗಳಲ್ಲಿ ವಾಕಿಂಗ್ ಶುರುಮಾಡುವ ದಿನ ಹೀಗೆ ಕ್ಯಾಲೆಂಡರಿನ ಒಂದು ಹಾಳೆಯಿಂದ ಇನ್ನೊಂದಕ್ಕೆ ಸರಿಯುತ್ತಾ ವರ್ಷ ತುಂಬುತ್ತದೆ.

ಇದನ್ನು ಸೋಮಾರಿತನ ಎಂದುಬಿಡುವುದು ಸುಲಭ. ಆದರೆ ಹೀಗೆ ಮುಂದೂಡುವವರು ಯಾರು ನೋಡಿ. ಹೊತ್ತಿಗೆ ಮುಂಚೆ ಎದ್ದು, ಮಕ್ಕಳನ್ನು ಸ್ಕೂಲ್ ವ್ಯಾನು ಹತ್ತಿಸಿ, ಸಿಲ್ಕ್ ಬೋರ್ಡಿನ ದಟ್ಟಣೆ ದಾಟಿ ಎಲೆಕ್ಟ್ರಾನಿಕ್ ಸಿಟಿಯ ಕೆಲಸಕ್ಕೆ ವೇಳೆಗೆ ಸರಿಯಾಗಿ ಮುಟ್ಟುವವರೇ ಇವರು. ಸಾಲದ ಕಂತು ಒಮ್ಮೆಯೂ ತಪ್ಪಿಸಿದವರಲ್ಲ. ಅಂಥವರು ಮನೆಯಿಂದ ನಾಲ್ಕು ಹೆಜ್ಜೆ ದೂರದ ಪಾರ್ಕಿಗೆ ಹೋಗಲು ವರ್ಷಗಟ್ಟಲೆ ಹಿಂಜರಿಯುತ್ತಾರೆಂದರೆ ಕಾರಣ ಬೇರೆಯೇ ಇರಬೇಕು. ಮೊದಲ ದಿನದ ಮುಜುಗರವೇ ಆ ಕಾರಣವೆಂದು ನಾನು ನಂಬಿದ್ದೇನೆ. ಅರ್ಧ ಸುತ್ತಿಗೇ ಏದುಸಿರು, ಹೊಟ್ಟೆಯ ಮೇಲೆ ಬಿಗಿಯುವ ಟೀ ಶರ್ಟು, ಎಪ್ಪತ್ತು ದಾಟಿದ ಹಿರಿಯರು ಸಲೀಸಾಗಿ ಹಿಂದೆ ಹಾಕಿ ಹೋಗುವುದು, ಮಂಡಿ ಹಿಡಿದುಕೊಂಡರೆ ಎಂಬ ಅಳುಕು. ‘ನಾಳೆಯಿಂದ’ ಎಂದ ಕೂಡಲೇ ಇದೆಲ್ಲ ಇಳಿದು ಎದೆ ಹಗುರಾಗುತ್ತದೆ. ಕೆಲಸ ಎಬ್ಬಿಸುವ ಕಸಿವಿಸಿಯಿಂದ ಆ ಹೊತ್ತಿಗೆ ಪಾರಾಗಲು ಮನಸ್ಸು ಕಂಡುಕೊಂಡ ಉಪಾಯವೇ ಮುಂದೂಡಿಕೆ ಎಂದು ಮನೋವಿಜ್ಞಾನಿಗಳಾದ ಫ್ಯೂಷಿಯಾ ಸಿರೋಯಿಸ್ ಮತ್ತು ಟಿಮೊಥಿ ಪಿಚಿಲ್ 2013ರಲ್ಲಿ ವಾದಿಸಿದ್ದರು. ಅದು ನಿಜವಾದರೆ, ಮದುವೆ ಮನೆಯಲ್ಲಿ ನಾಲ್ಕು ಜನರ ಎದುರು ‘ಏನಮ್ಮಾ, ಇಷ್ಟು ದಪ್ಪ ಆಗಿದೀಯಾ’ ಎಂದವರು ಆಕೆಯ ಮೊದಲ ದಿನವನ್ನು ಇನ್ನಷ್ಟು ದೂರ ತಳ್ಳಿರುತ್ತಾರೆ. ಅವಮಾನದಿಂದ ಯಾರ ಕಾಲಿಗೂ ಬಲ ಬಂದದ್ದಿಲ್ಲ.

ದುಡ್ಡು ಕಟ್ಟಿದರಾದರೂ ಹೋಗುತ್ತೇನೆ ಎಂದು ಜಿಮ್ ಸೇರುವವರಿದ್ದಾರೆ. ಬಿ.ಟಿ.ಎಂ. ಲೇಔಟಿನಲ್ಲಿ, ಜೆ.ಪಿ. ನಗರದ ಹಂತಗಳಲ್ಲಿ ಜಿಮ್ ಇಲ್ಲದ ಮುಖ್ಯರಸ್ತೆ ಹುಡುಕಬೇಕು. ವರ್ಷದ ಹಣ ಒಟ್ಟಿಗೆ ಕಟ್ಟಿದರೆ ರಿಯಾಯಿತಿ. ಸ್ಟೆಫಾನೊ ಡೆಲ್ಲಾವಿಗ್ನಾ, ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಜಿಮ್‌ಗಳ ಹಾಜರಿ ಪುಸ್ತಕ ಬಿಡಿಸಿ ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕ ಇಲ್ಲಿ ನೆನಪಾಗುತ್ತದೆ. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟಿದ ಸದಸ್ಯರು ಸರಾಸರಿ ಹೋದದ್ದು ತಿಂಗಳಿಗೆ 4.3 ಸಲ. ಒಂದು ಭೇಟಿಗೆ ಅವರಿಗೆ ಬಿದ್ದದ್ದು 17 ಡಾಲರಿಗೂ ಹೆಚ್ಚು. ಹತ್ತು ಭೇಟಿಯ ಪಾಸು ಕೊಂಡಿದ್ದರೆ ಭೇಟಿಗೆ 10 ಡಾಲರಿಗೇ ಮುಗಿಯುತ್ತಿತ್ತು. ಹಣ ಕಟ್ಟುವಾಗ ನಮ್ಮ ಕಣ್ಣ ಮುಂದಿರುವುದು ನಾಳೆಯ ನಾವು, ದಿನವೂ ಐದಕ್ಕೆ ಏಳುವ ಹುರುಪಿನ ಮನುಷ್ಯ. ಬೆಳಗಿನ ಚಳಿಯಲ್ಲಿ ಹೊದಿಕೆ ಸರಿಸಬೇಕಾದವರು ಮಾತ್ರ ಇವತ್ತಿನ ನಾವೇ.

ಹಬ್ಬದಿಂದ ಶುರುಮಾಡುವುದರಲ್ಲಿ ತಪ್ಪೇನಿಲ್ಲ. ವಾರದ ಮೊದಲು, ತಿಂಗಳ ಮೊದಲು, ಹುಟ್ಟುಹಬ್ಬದ ನಂತರ ಜನ ವ್ಯಾಯಾಮಕ್ಕೆ ಹೆಚ್ಚು ಹೋಗುತ್ತಾರೆಂದು 2014ರ ಒಂದು ಅಧ್ಯಯನ ತೋರಿಸಿದೆ. ನಮಗಂತೂ ಅಂಥ ದಿನಗಳಿಗೆ ಬರವಿಲ್ಲ. ತೊಂದರೆ ಇರುವುದು ಆ ದಿನದ ತಲೆಗೆ ಕಟ್ಟುವ ಹೊರೆಯಲ್ಲಿ. ಯುಗಾದಿಯಿಂದ ದಿನಾ ಐದು ಕಿಲೋಮೀಟರ್, ಸಕ್ಕರೆ ಬಂದ್, ಅನ್ನ ಬಂದ್, ಬೆಳಿಗ್ಗೆ ಯೋಗ, ಸಂಜೆ ಜಿಮ್. ಇಷ್ಟನ್ನು ಹೊತ್ತು ಯಾವ ಯುಗಾದಿ ಎದ್ದು ನಿಂತೀತು?

ವಾರಕ್ಕೆ ಒಟ್ಟು 150 ನಿಮಿಷ ಚುರುಕಾಗಿ ನಡೆದರೂ ವಯಸ್ಕರಿಗೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲು ಒಂದು ಷರತ್ತಿತ್ತು: ಒಂದೇ ಸಮ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ. 2020ರಲ್ಲಿ ಅದನ್ನು ಕೈಬಿಟ್ಟರು. ಈಗ ಮೂರು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಈ ಸುದ್ದಿ ಇನ್ನೂ ನಮ್ಮ ಮನೆಗಳಿಗೆ ಮುಟ್ಟಿಲ್ಲ, ಮುಟ್ಟಬೇಕು. ಜಯನಗರ ಮೆಟ್ರೊ ನಿಲ್ದಾಣದ ಮೆಟ್ಟಿಲು, ರಾಗಿಗುಡ್ಡದ ಆಂಜನೇಯನ ಮೆಟ್ಟಿಲು, ತರಕಾರಿಗೆ ಸ್ಕೂಟರ್ ಬಿಟ್ಟು ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ನಡೆದುಹೋಗುವುದು, ಎಲ್ಲವೂ ಸೇರುತ್ತದೆ. ಲಾಲ್‌ಬಾಗಿನಲ್ಲಿ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯ ಮೇಲೆ ನಡೆಯುವ ಭಾಗ್ಯ ಎಷ್ಟು ಊರಿನವರಿಗಿದೆ? ಯಡಿಯೂರು, ಸಾರಕ್ಕಿ, ಮಡಿವಾಳ ಕೆರೆಗಳಿವೆ. ದಕ್ಷಿಣ ಬೆಂಗಳೂರಿನವರು ‘ಜಾಗವಿಲ್ಲ’ ಎಂದರೆ ನನಗೆ ಒಪ್ಪಲಾಗುವುದಿಲ್ಲ. ಕಿತ್ತುಹೋದ ಫುಟ್‌ಪಾತಿನ ದೂರು ಮಾತ್ರ ಪೂರಾ ನ್ಯಾಯವಾದದ್ದು.

ಹೊರಗೆ ಹೋಗಲು ಸಂಕೋಚವೆನ್ನುವವರಿಗೆ ಈ ಊರಿನಲ್ಲೇ ಒಬ್ಬ ಗುರುವಿದ್ದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕೆ.ವಿ. ಅಯ್ಯರ್ ಹೆಸರು ಓದುಗರಿಗೆ ಗೊತ್ತು. ಅವರು ದೇಶಕ್ಕೇ ಹೆಸರಾದ ಅಂಗಸಾಧಕರೂ ಆಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ವ್ಯಾಯಾಮ ಕಲಿಸಿದವರು, ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ತಮ್ಮ ಶಾಲೆಗೆ ಬರಲಾಗದವರಿಗೆ ಅಂಚೆಯ ಮೂಲಕ ಪಾಠ ಕಳಿಸುತ್ತಿದ್ದರು. ಲಕೋಟೆ ಒಡೆದು ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲೋ ಒಬ್ಬ ಗುಮಾಸ್ತ ಬಸಕಿ ಹೊಡೆಯುತ್ತಿದ್ದಿರಬೇಕು ಎಂದು ನೆನೆದರೆ ಈಗಲೂ ಸಂತೋಷವಾಗುತ್ತದೆ. 1937ರಲ್ಲಿ ಅವರು ಸೂರ್ಯನಮಸ್ಕಾರದ ಬಗ್ಗೆಯೇ ಒಂದು ಪುಸ್ತಕ ಬರೆದರು. ಅದಕ್ಕೆ ಬೇಕಾದದ್ದು ಒಂದು ಚಾಪೆಯಷ್ಟು ನೆಲ. ಮೊದಲ ವಾರದ ಏದುಸಿರನ್ನು ಯಾರೂ ನೋಡದಂತೆ ಮನೆಯಲ್ಲೇ ಕಳೆದುಕೊಂಡು, ಆಮೇಲೆ ಪಾರ್ಕಿಗೆ ಇಳಿದರಾಯಿತು.

ಇನ್ನೊಂದು ಪ್ರಯೋಗ ನನಗೆ ತುಂಬ ಮೆಚ್ಚುಗೆಯಾದದ್ದು. ಬ್ರಿಟನ್ನಿನಲ್ಲಿ 2002ರಲ್ಲಿ ಪ್ರಕಟವಾದದ್ದು. ವಿದ್ಯಾರ್ಥಿಗಳ ಒಂದು ಗುಂಪಿಗೆ ವ್ಯಾಯಾಮದ ಲಾಭಗಳನ್ನು ತಿಳಿಹೇಳಿದರು. ಮುಂದಿನ ವಾರ ಒಮ್ಮೆಯಾದರೂ ವ್ಯಾಯಾಮ ಮಾಡಿದವರು ಶೇ 35. ಏನೂ ಹೇಳದೆ ಬಿಟ್ಟವರಲ್ಲೂ ಹೆಚ್ಚುಕಡಿಮೆ ಅಷ್ಟೇ. ಮತ್ತೊಂದು ಗುಂಪಿಗೆ ಲಾಭ ಹೇಳಿದ ಮೇಲೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಬರೆಸಿದರು. ಅವರಲ್ಲಿ ಮಾಡಿದವರು ಶೇ 91. ‘ಹಬ್ಬ ಕಳೀಲಿ’ ಎಂಬುದಕ್ಕೆ ಹೊತ್ತಿಲ್ಲ, ಜಾಗವಿಲ್ಲ. ‘ಮಂಗಳವಾರ ಆರಕ್ಕೆ, ಕಾಫಿ ಲೋಟ ಕೆಳಗಿಟ್ಟ ಕೂಡಲೇ, ಯಡಿಯೂರು ಕೆರೆಗೆ ಒಂದು ಸುತ್ತು’ ಎಂಬುದಕ್ಕೆ ಎರಡೂ ಇದೆ.

ಆದರೆ ಬೆಳಿಗ್ಗೆ ಆರು ಗಂಟೆ ಮನೆಯಲ್ಲಿ ಎಲ್ಲರಿಗೂ ಒಂದೇ ಅಲ್ಲ. ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನರಿಗೆ 2022ರಲ್ಲಿ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ ಎಂದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆ ಎರಡು ವರ್ಷದ ನಂತರ ವರದಿ ಮಾಡಿತು. ಗಂಡಸರಲ್ಲಿ ಅದು ಶೇ 42, ಹೆಂಗಸರಲ್ಲಿ ಶೇ 57. ಕಡುಬಿಗೆ ಹೂರಣ ತುಂಬುವುದು, ಕಜ್ಜಾಯ ಕರಿಯುವುದು, ನೆಂಟರ ಹಾಸಿಗೆ ಮಡಚುವುದು ಯಾರ ಕೈಯಲ್ಲಿದೆಯೋ ಅವರು ‘ಹಬ್ಬ ಕಳೀಲಿ’ ಎಂದರೆ ಅದು ನೆಪವಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳಿದ್ದು. ಅವರಿಗೆ ಬಿಡುವಾಗುವ ಹನ್ನೊಂದು ಗಂಟೆಗೆ ಪಾಲಿಕೆಯ ಪಾರ್ಕುಗಳ ಗೇಟಿಗೆ ಬೀಗ ಬಿದ್ದಿರುತ್ತಿತ್ತು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ತೀರ್ಮಾನವಾದದ್ದು ಸಣ್ಣ ವಿಷಯವಲ್ಲ. ಇನ್ನು ಬೆಳಗಿನ ತಂಪಿನಲ್ಲೇ ನಡೆಯಬೇಕೆಂದು ಆಕೆಗೆ ಆಸೆಯಿದ್ದರೆ, ಮನೆಯವರು ಆಕೆ ಬರೆದಿಟ್ಟ ದಿನ, ಹೊತ್ತು, ಜಾಗದ ಕೆಳಗೆ ಇನ್ನೊಂದು ಸಾಲು ಸೇರಿಸಬೇಕಾಗುತ್ತದೆ: ಮಂಗಳವಾರ ಆರಕ್ಕೆ ಕುಕ್ಕರ್ ಇಡುವವರು ಯಾರು, ಡಬ್ಬಿ ಕಟ್ಟುವವರು ಯಾರು.