ಕಳೆದುಕೊಂಡವರಿಲ್ಲದ ಕಳವು

ನನ್ನ ತಂಗಿಯ ಮಗ ಎಂಜಿನಿಯರಿಂಗ್ ಓದುವ ಹುಡುಗ. ದಸರಾ ರಜೆಗೆ ಬಂದವನು ಅಂಗೈಯಗಲದ ಹಾರ್ಡ್ ಡಿಸ್ಕೊಂದನ್ನು ನಮ್ಮ ರೌಟರಿನ ಬೆನ್ನಿಗೆ ಸಿಕ್ಕಿಸಿ, "ಮಾವ, ಇನ್ನು ಟಾಕೀಸು ನಿಮ್ಮ ಮನೆಯಲ್ಲೇ" ಎಂದನು. ಅದರೊಳಗೆ ಇನ್ನೂರಕ್ಕೂ ಮಿಕ್ಕಿ ಚಿತ್ರಗಳು. ಡಿಸ್ಕು ಪಡಸಾಲೆಯಲ್ಲಿ, ಟೀವಿ ಒಳಕೋಣೆಯಲ್ಲಿ, ನಡುವೆ ತಂತಿಯಿಲ್ಲ. ಪರದೆಯ ಮೇಲೆ ಹೆಸರುಗಳ ಪಟ್ಟಿ ಮೂಡುತ್ತದೆ, ಗುಂಡಿ ಒತ್ತಿದರೆ ಚಿತ್ರ ಓಡುತ್ತದೆ. ಹೊರಗಿನ ಇಂಟರ್‌ನೆಟ್ ನಿಂತರೂ ಚಿಂತೆಯಿಲ್ಲ, ವ್ಯವಹಾರವೆಲ್ಲ ಮನೆಯೊಳಗಿನದೇ.

ಮೊದಲ ದಿನ ನಮ್ಮ ತಾಯಿ 'ಬೇಡರ ಕಣ್ಣಪ್ಪ' ನೋಡಿದರು. ಚಿಕ್ಕಂದಿನಲ್ಲಿ ಟೂರಿಂಗ್ ಟಾಕೀಸಿನ ನೆಲದ ಮೇಲೆ ಕುಳಿತು ನೋಡಿದ್ದ ಚಿತ್ರ, ಕಣ್ಣೊರೆಸಿಕೊಳ್ಳುತ್ತಲೇ ನೋಡಿದರು. ಮರುದಿನ ನಾವೆಲ್ಲ ಸೇರಿ ಹೊಸ ಚಿತ್ರವೊಂದನ್ನು ನೋಡಿದೆವು. ಅದು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ರಜೆ ಮುಗಿದ ಮೇಲೆ ಕಾಲೇಜಿನಲ್ಲಿ ಪ್ರಬಂಧಗಳನ್ನು ತಿದ್ದುತ್ತಿದ್ದೆ. ಇಬ್ಬರು ಹುಡುಗರ ಬರೆಹ ಅಕ್ಷರಕ್ಕೆ ಅಕ್ಷರ ಒಂದೇ. ನಕಲು ಮಾಡಿದವನಿಗೆ ಸೊನ್ನೆ ಕೊಟ್ಟೆ. ಅವನು ವಿನಯದಿಂದಲೇ ಕೇಳಿದನು: "ಸಾರ್, ನಾನು ಬರೆದುಕೊಂಡದ್ದರಿಂದ ಅವನದೇನೂ ಕಡಮೆಯಾಗಲಿಲ್ಲವಲ್ಲ?" ಗದರಿ ಕಳುಹಿಸಿದೆ. ಸಂಜೆ ಟೀವಿಯ ಮುಂದೆ ಕುಳಿತಾಗ ಗುಂಡಿ ಒತ್ತಲು ಕೈ ಬರಲಿಲ್ಲ.

ಮರದಿಂದ ಹಣ್ಣು ಕಿತ್ತರೆ ಮರದಲ್ಲಿ ಒಂದು ಹಣ್ಣು ಕಡಮೆ. ಕಳವೆಂದರೆ ನಮ್ಮ ಹಿರಿಯರು ತಿಳಿದಿದ್ದುದು ಇದನ್ನೇ. ಡಿಸ್ಕಿನ ಚಿತ್ರ ಹಾಗಲ್ಲ. ಎಷ್ಟು ಪ್ರತಿ ತೆಗೆದರೂ ಮೂಲ ಇದ್ದಂತೆಯೇ ಇರುತ್ತದೆ. ದೀಪದಿಂದ ದೀಪ ಹಚ್ಚಿದಂತೆ ಎನ್ನಬಹುದು. ಆದರೆ ಮೊದಲ ದೀಪಕ್ಕೆ ಎಣ್ಣೆ ಎರೆದವರು ಯಾರು? ಚಿತ್ರದ ಕೊನೆಯಲ್ಲಿ ಬೆಳಕು ಹಿಡಿದವರ, ಬಟ್ಟೆ ಹೊಲಿದವರ ಹೆಸರುಗಳು ಸಾಲಾಗಿ ಬರುತ್ತವೆ. ಅವರಿಗೆ ಕೂಲಿ ಆಗಲೇ ಸಂದಿದೆ, ನಿಜ. ಆದರೆ ಹಾಕಿದ ಹಣ ಹಿಂದಿರುಗದಿದ್ದರೆ ಅವರನ್ನು ಮುಂದಿನ ಚಿತ್ರಕ್ಕೆ ಕರೆಯುವವರು ಯಾರು?

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಗೆ ಬಂದದ್ದು 1934ರಲ್ಲಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಯಾರಾದರೊಬ್ಬ ಹಕ್ಕಿಲ್ಲದೆಯೇ ಒಂದು ಪ್ರತಿಯನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದರೆ, ಅವನನ್ನು ನಾವು ಕಳ್ಳನೆನ್ನುತ್ತಿದ್ದೆವೆ? ಹಾರ ಹಾಕುತ್ತಿದ್ದೆವು! ನಕಲು ಮಾಡುವುದೇ ಪಾಪವೆನ್ನುವಂತಿಲ್ಲ. ಕಾನೂನೂ ಹಾಗೆನ್ನುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಿತ್ರದ ಮೇಲಿನ ಹಕ್ಕು, ಅದು ಬಿಡುಗಡೆಯಾದ ವರ್ಷ ಕಳೆದು 60 ವರ್ಷ. ಆಮೇಲೆ ಅದು ಎಲ್ಲರದು. 1954ರ ಕಣ್ಣಪ್ಪನ ಅವಧಿ 2014ಕ್ಕೆ ಮುಗಿಯಿತು. ನಮ್ಮ ತಾಯಿಯ ಕಣ್ಣೀರು ಯಾರಿಂದಲೂ ಕದ್ದುದಲ್ಲ.

ಆದರೆ ನಾನು ನೋಡಿದ ಹೊಸ ಚಿತ್ರವನ್ನು ಉಳಿಸಬೇಕೆಂದು ಯಾರೂ ತಂದದ್ದಲ್ಲ. ಕಾಸು ಕೊಡದೆ ನೋಡಬೇಕೆಂದು ತಂದದ್ದು. ಕಾಯುವುದಕ್ಕೂ ಕದಿಯುವುದಕ್ಕೂ ಕೆಲಸ ಒಂದೇ ಆದಾಗ, ಎರಡನ್ನೂ ಬೇರೆ ಮಾಡುವುದು ಮಾಡಿದವನ ಮನಸ್ಸೊಂದೇ. ಅದನ್ನು ಪರೀಕ್ಷಿಸಲು ಮನೆಯೊಳಗೆ ಪೋಲೀಸರು ಬರುವುದಿಲ್ಲ, ನಾವೇ ಆಗಬೇಕು.

ಆ ಹುಡುಗನಿಗೆ ಹೇಳಬೇಕಾದ ಉತ್ತರ ಈಗ ತೋರುತ್ತಿದೆ. ಕಳೆದುಕೊಂಡವನು ಇದ್ದಾನಪ್ಪ, ಸ್ವತಃ ನಾಲ್ಕು ಸಾಲು ಬರೆಯುವ ಶಕ್ತಿಯನ್ನು ನೀನು ಕಳೆದುಕೊಂಡೆ. ನಿನಗೆ ಸೊನ್ನೆ ಕೊಡುವ ಅಧಿಕಾರವನ್ನು ನಾನು ಕಳೆದುಕೊಂಡೆ.

ತಂಗಿಯ ಮಗನಿಗೆ ಫೋನು ಮಾಡಿ, ಹೊಸ ಚಿತ್ರಗಳನ್ನು ಅಳಿಸುವ ಬಗೆ ಕೇಳಿದೆ. "ಎಲ್ಲರೂ ಮಾಡುವುದೇ, ಮಾವ" ಎಂದು ನಕ್ಕು ಹೇಳಿಕೊಟ್ಟನು. ಒಂದೊಂದಾಗಿ ಅಳಿಸುತ್ತ ಕುಳಿತೆ. ಕೆಲವು ಹೆಸರುಗಳ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತದ್ದೂ ಉಂಟು. ಒಳಗಿನಿಂದ ತಾಯಿಯ ಧ್ವನಿ ಬಂತು:

"ಕಣ್ಣಪ್ಪನನ್ನು ಮಾತ್ರ ತೆಗೆಯಬೇಡವೋ."